ಅರ್ಧ ಸೆಂಟಿಮೀಟರ್ ಸವತಿ

ಕೆಲವರ ಮನೆಯಲ್ಲಿ ಹಾಲು ಉಕ್ಕುತ್ತಿರುತ್ತದೆ, ಕೆಲವರ ಮನೆಯಲ್ಲಿ ನಲ್ಲಿ ಸೋರುತ್ತಿರುತ್ತದೆ. ನಮ್ಮ ಮನೆಯಲ್ಲಿ ವಾರಕ್ಕೊಮ್ಮೆಯಾದರೂ ಜೀಪಿನದೊಂದು ಪ್ರಸಂಗ ಆಗಲೇಬೇಕು. ನಮ್ಮವರು ಬ್ಯಾಂಕಿನವರು. ವರ್ಗವಾಗಿ ಅಹಮದಾಬಾದಿಗೆ ಬಂದು ಚಾಂದ್‌ಖೇಡಾದಲ್ಲಿ ಮನೆ ಹಿಡಿದೆವು. ಊರು ಹೊಸದು, ಸ್ನೇಹಿತರಿಲ್ಲ, ಬೇಜಾರು ಎಂದು ಅವರೊಂದು ಹಳೆಯ ಜೀಪು ಕೊಂಡರು. ಊರು ನನಗೂ ಹೊಸದೇ, ಸ್ನೇಹಿತರು ನನಗೂ ಇರಲಿಲ್ಲ. ಆದರೆ ನಾನು ಮನೆಯೊಳಗೇ ಇದ್ದೆನಲ್ಲ, ಅವರ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ.

೧. ಸ್ಟೂಲು

ಕಲ್ಲುಬಂಡೆಗಳ ಮೇಲೆ ಓಡಿಸಬೇಕು ಎಂದು ಜೀಪನ್ನು ಮೂರು ಇಂಚು ಎತ್ತರಿಸಿದರು. ಉದ್ದದ ಸ್ಪ್ರಿಂಗು, ದೊಡ್ಡ ಟೈರು. ನಾನು ಪಾಠ ಮಾಡುವ ಕಾಲೇಜು ಇರುವುದು ನವರಂಗಪುರದಲ್ಲಿ. ಆ ದಾರಿಯಲ್ಲಿ ಸಿಗುವ ಅತಿ ದೊಡ್ಡ ಬಂಡೆ ಎಂದರೆ ಸ್ಪೀಡ್ ಬ್ರೇಕರ್.

ಸೀರೆ ಉಟ್ಟವಳು ಅಷ್ಟೆತ್ತರ ಹತ್ತುವುದು ಹೇಗೆ? ಒಂದು ಪ್ಲಾಸ್ಟಿಕ್ ಸ್ಟೂಲು ಬಂತು. ನಾನು ಅದರ ಮೇಲೆ ಕಾಲಿಟ್ಟು ಹತ್ತುವುದು, ಇವರು ಸ್ಟೂಲು ಎತ್ತಿ ಹಿಂದೆ ಎಸೆಯುವುದು. ಕಾಲೇಜಿನ ಗೇಟಿನಲ್ಲಿ ಆಟೋದವರೆಲ್ಲ ಹಾರ್ನ್ ಹೊಡೆಯುವುದನ್ನು ನಿಲ್ಲಿಸಿ ನೋಡುತ್ತಿದ್ದರು.

ಒಂದು ದಿನ ಸ್ಟೂಲು ಸ್ವಲ್ಪ ಅಲುಗಾಡಿತು. ನಾನು ಬಾಗಿಲು ಹಿಡಿದುಕೊಂಡೆ. ಇವರು "ನಿಧಾನ, ನಿಧಾನ!" ಎನ್ನುತ್ತ ಓಡಿ ಬಂದರು. ನನಗೆ ಎದೆ ತುಂಬಿ ಬಂತು.

"ನಂಗೇನೂ ಆಗಿಲ್ಲ ರೀ."

"ನಿಂಗಲ್ಲ ಕಣೆ. ಬಳೆ ತಾಗಿದ್ರೆ ಪೇಂಟ್ ಗೀರಿಹೋಗತ್ತೆ."

೨. ನುಗ್ಗೆಕಾಯಿ

ಎತ್ತರಿಸಿದ್ದೇ ತಡ, ಸ್ಟಿಯರಿಂಗು ತೊನೆಯತೊಡಗಿತು. ಯಾಕೆ ಎಂದು ನಮ್ಮವರು ಊಟಕ್ಕೆ ಕೂತಾಗ ವಿವರಿಸಿದರು. ಸಾರಿನಿಂದ ಎರಡು ನುಗ್ಗೆಕಾಯಿ ತೆಗೆದು ತಟ್ಟೆಯಲ್ಲಿ ಅಕ್ಕಪಕ್ಕ ಇಟ್ಟರು.

"ಇವು ಕಂಟ್ರೋಲ್ ಆರ್ಮ್. ಎಡಕ್ಕೊಂದು, ಬಲಕ್ಕೊಂದು. ಒಂದು ತುದಿ ಚಾಸಿಗೆ, ಇನ್ನೊಂದು ತುದಿ ಮುಂದಿನ ಆಕ್ಸಲ್‌ಗೆ. ಗಾಡಿ ಮೇಲೆದ್ದಾಗ ಇವು ಓರೆ ಆಗಿ ಆಕ್ಸಲನ್ನ ಹಿಂದಕ್ಕೆ ಎಳೀತವೆ. ಅದಕ್ಕೇ ಉದ್ದ ಮಾಡೋಕೆ ಬರೋ ಆರ್ಮ್ ತರಿಸಿದೀನಿ. ತುದಿ ತಿರುಗಿಸಿದ್ರೆ ಉದ್ದ ಆಗತ್ತೆ, ಆಕ್ಸಲ್ ಮುಂದಕ್ಕೆ ಬರತ್ತೆ. ಆದ್ರೆ ಎರಡೂ ಒಂದೇ ಉದ್ದ ಇರ್ಬೇಕು. ಕೂದಲೆಳೆಯಷ್ಟು ವ್ಯತ್ಯಾಸ ಇದ್ರೂ ನನ್ನ ಕಣ್ಣಿಗೆ ಗೊತ್ತಾಗತ್ತೆ."

ಅದೇ ಬೆಳಿಗ್ಗೆ ನಾನು ಸೊಂಟದವರೆಗಿದ್ದ ಕೂದಲನ್ನು ಭುಜದವರೆಗೆ ಕತ್ತರಿಸಿಕೊಂಡು ಬಂದಿದ್ದೆ. ಎದುರಿಗೇ ಕೂತಿದ್ದೆ. ಕೂದಲೆಳೆ ಎಂದಾಗ ತಲೆಯನ್ನು ಒಮ್ಮೆ ಅತ್ತಿತ್ತ ಆಡಿಸಿದೆ ಕೂಡ. ಅವರು ನನ್ನನ್ನೇ ದಿಟ್ಟಿಸಿದರು.

"ಏನೋ ಬದಲಾಗಿದೆಯಲ್ಲ..."

"ಏನು ಹೇಳಿ ನೋಡೋಣ."

"ಸಾರಿನ ಪುಡಿ ಬೇರೆ ಅಂಗಡೀದಾ?"

೩. ಚಿನ್ನ

ಭಾನುವಾರ ನಮ್ಮವರು ಜೀಪಿನ ಕೆಳಗೆ ಮಲಗಿದರು. ಅಳತೆಗೆ ಟೇಪು ಬೇಕೆಂದರು. ನನ್ನ ಬ್ಲೌಸು ನಾನೇ ಹೊಲಿದುಕೊಳ್ಳುವವಳು. ಹೊಸ ಟೇಪನ್ನು ಬೀರುವಿನಲ್ಲಿ ಬಚ್ಚಿಟ್ಟು ಹಳೆಯದನ್ನು ಕೊಟ್ಟೆ. ಸವತಿಗೆ ಹಳೆಯದು ಸಾಕು.

ಅಡುಗೆಮನೆಯ ಕಿಟಕಿ ಪಾರ್ಕಿಂಗಿನ ಮೇಲೇ ಇದೆ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಇವರ ದನಿ ಕೇಳಿಸಿತು: "ಬಾ ಚಿನ್ನ... ಇನ್ನೊಂಚೂರು ಬಾ..."

ಮದುವೆಯಾಗಿ ಇಪ್ಪತ್ತು ವರ್ಷ. "ಲೇ ಇವಳೇ" ಬಿಟ್ಟರೆ ಇನ್ನೊಂದು ಹೆಸರು ನಾನು ಕೇಳಿಲ್ಲ. ಕೈಯಲ್ಲಿ ಸೌಟು ಹಿಡಿದೇ ಎರಡು ಮಹಡಿ ಇಳಿದು ಓಡಿದೆ.

"ಬಂದೆ ರೀ!"

ಜೀಪಿನ ಕೆಳಗಿನಿಂದ ಎರಡು ಪಾದಗಳು ಅಲುಗಾಡಿದವು. "ನಿನ್ನನ್ಯಾರು ಕರೆದ್ರು? ಆಕ್ಸಲ್‌ಗೆ ಹೇಳ್ತಿದ್ದೆ."

ಪಕ್ಕದಲ್ಲಿ ನನ್ನ ಟೇಪು ಗ್ರೀಸಿನಲ್ಲಿ ಮುಳುಗಿತ್ತು. "ಎಡಗಡೆ ಆಯ್ತು, ಬಲಗಡೆ ಇನ್ನೂ ಅಳೀಬೇಕು" ಎಂದು ಅವರು ಕೂಗುತ್ತಿದ್ದ ಹಾಗೇ ಅದನ್ನು ಕಿತ್ತುಕೊಂಡು ಮೇಲೆ ಬಂದೆ. ಬಲಗಡೆಯನ್ನು ಅವರು ಕೆಳಮನೆಗೆ ಕೆಲಸಕ್ಕೆ ಬಂದಿದ್ದ ಬಡಗಿಯ ಸ್ಟೀಲ್ ಟೇಪಿನಲ್ಲಿ ಅಳೆದರಂತೆ. ಸಾರು ಅಷ್ಟರಲ್ಲಿ ಸೀದುಹೋಗಿತ್ತು. ಅದು ಮಾತ್ರ ಅವರಿಗೆ ತಕ್ಷಣ ಗೊತ್ತಾಯಿತು.

೪. ಭಾಭಿಯ ಕಡೆ

ವಡೋದರಾದಲ್ಲಿ ಪರಿಚಯದವರ ಗೃಹಪ್ರವೇಶ. ಜೀಪಿನಲ್ಲೇ ಹೊರಟೆವು. ದಾರಿಯುದ್ದಕ್ಕೂ ಜೀಪು ಎಡಕ್ಕೇ ಎಳೆಯುತ್ತಿತ್ತು. ಇವರು ನನ್ನನ್ನು ಓರೆಗಣ್ಣಿನಲ್ಲಿ ನೋಡಿ, "ಒಂದು ಕೆಲಸ ಮಾಡು, ಹಿಂದುಗಡೆ ಬಲಕ್ಕೆ ಕೂತ್ಕೋ" ಎಂದರು. ಸ್ಟೂಲು ಇಳಿಸಿ, ನನ್ನನ್ನು ಇಳಿಸಿ, ಹಿಂದೆ ಹತ್ತಿಸಿದರು. ಆಗಲೂ ಎಡಕ್ಕೇ ಎಳೆಯಿತು. ನನ್ನ ತೂಕ ನಿರಪರಾಧಿ ಎಂದು ಸಾಬೀತಾಗಿ, ಮುಂದಿನ ಎಡಸೀಟು ನನಗೆ ಮರಳಿ ಸಿಕ್ಕಿತು.

ವಡೋದರಾದ ಗ್ಯಾರೇಜಿನ ಮಿಸ್ತ್ರಿ ಟೈರಿನ ಗಾಳಿ ನೋಡಿದ, ಬ್ರೇಕು ನೋಡಿದ, ಅಲೈನ್‌ಮೆಂಟ್ ಮಾಡಿದ, ಕೊನೆಗೆ ಕೈ ಒರೆಸಿಕೊಂಡ. "ಸಾಹೇಬ್, ಎಲ್ಲಾ ಠೀಕ್ ಹೈ. ಗಾಡಿಗೆ ಭಾಭಿ ಕಡೆ ಹೋಗೋ ಆಸೆ, ಅಷ್ಟೇ."

ನನಗೆ ಆ ಮಿಸ್ತ್ರಿಯ ಮೇಲೆ ಬಹಳ ಗೌರವ ಬಂತು. ಇಪ್ಪತ್ತು ವರ್ಷದಲ್ಲಿ ನಮ್ಮ ಮನೆಗೆ ಸೇರಿದ ಒಂದಾದರೂ ವಸ್ತು ನನ್ನ ಕಡೆ ವಾಲಿತ್ತು!

೫. ಸೂರತ್ತಿನ ಸೀಟು

ಆಮೇಲೆ ಮೂರು ವಾರ ತಲೆ ಕೆಡಿಸಿಕೊಂಡರೂ ಜೀಪು ನೇರವಾಗಲಿಲ್ಲ. ಒಂದು ಸಂಜೆ ನಮ್ಮವರು ಸೋತ ಮುಖ ಮಾಡಿಕೊಂಡು, "ಮಾರಿಬಿಡ್ತೀನಿ ಕಣೆ" ಎಂದರು. ಸೂರತ್ತಿನ ಹತ್ತಿರ ಸಚಿನ್ ಎಂಬ ಊರಿನಲ್ಲಿ ಬಟ್ಟೆಯ ಕಾರ್ಖಾನೆ ಇಟ್ಟಿರುವ ಒಬ್ಬರು ಕೊಳ್ಳಲು ಒಪ್ಪಿದ್ದರು.

ನಾನು ಆಗ ಹೊಲಿಗೆ ಮೆಷಿನ್ನಿನ ಮುಂದೆ ಕೂತು ತೋಳಿನ ಅಳತೆ ತೆಗೆಯುತ್ತಿದ್ದೆ. ತೊಳೆದಿಟ್ಟಿದ್ದ ಹಳೆಯ ಟೇಪು. ಅಭ್ಯಾಸಬಲದಿಂದ ಅರ್ಧ ಸೆಂಟಿಮೀಟರ್ ಕಳೆದುಕೊಂಡು ಗುರುತು ಹಾಕಿದೆ. ಕೈ ಅಲ್ಲೇ ನಿಂತಿತು. ಆ ಟೇಪಿನ ತಗಡಿನ ತುದಿ ಎಂದೋ ಕಿತ್ತುಹೋಗಿ, ಎಳೆ ಬಿಚ್ಚುತ್ತಿದ್ದುದರಿಂದ ನಾನೇ ಕತ್ತರಿಯಲ್ಲಿ ಅರ್ಧ ಸೆಂಟಿಮೀಟರ್ ಕತ್ತರಿಸಿದ್ದೆ. ಎಡಗಡೆಯ ಆರ್ಮನ್ನು ಇವರು ಅಳೆದದ್ದು ಇದರಲ್ಲೇ. ಅಂದರೆ ಅದು ಅಷ್ಟು ಗಿಡ್ಡ.

ಹೇಳಲೆಂದು ತಿರುಗಿದೆ. ಆಮೇಲೆ ಟೇಪು ಸುತ್ತಿ ಮೆಷಿನ್ನಿನ ಡ್ರಾಯರಿಗೆ ಹಾಕಿದೆ. ನಾನೊಂದು ಮಾತಾಡದೆ ಇದ್ದರೆ ಸಾಕು, ಸವತಿ ತಾನಾಗಿ ಮನೆ ಬಿಡುತ್ತಾಳೆ. ಭಾನುವಾರಗಳೆಲ್ಲ ನನ್ನವು. ಆ ರಾತ್ರಿ ಪಾಯಸ ಮಾಡಿದೆ.

ಸಚಿನ್‌ಗೆ ಹೋದೆವು. ಕಾರ್ಖಾನೆಯ ಯಜಮಾನರಿಗಿಂತ ಮೊದಲು ಅವರ ಹೆಂಡತಿ ಹೊರಗೆ ಬಂದರು. ಮೂವತ್ತರ ಆಸುಪಾಸು, ಜೀನ್ಸು, ಸ್ಪೋರ್ಟ್ಸ್ ಶೂ. ಸ್ಟೂಲಿನ ಹಂಗೇ ಇಲ್ಲದೆ ಒಂದೇ ನೆಗೆತಕ್ಕೆ ಮುಂದಿನ ಎಡಸೀಟಿನಲ್ಲಿ ಕೂತುಬಿಟ್ಟರು. ನನ್ನ ಸೀಟಿನಲ್ಲಿ!

"ವಾಹ್ ಭಾಯಿಸಾಹೇಬ್! ಇದರ ಕಂಟ್ರೋಲ್ ಆರ್ಮ್ ಅಡ್ಜಸ್ಟ್ ಮಾಡೋಕೆ ಬರತ್ತಾ?" ಎಂದು ಕೇಳಿದರು ಹಿಂದಿಯಲ್ಲಿ.

ನಮ್ಮವರ ಮುಖದಲ್ಲಿ ಬಲ್ಬು ಹತ್ತಿತು. ಬಾಗಿಲಿಗೆ ಒರಗಿ ನಿಂತು ಎಲ್ಲವನ್ನೂ ವಿವರಿಸತೊಡಗಿದರು. ಎಡ, ಬಲ, ಚಾಸಿ, ಆಕ್ಸಲ್. ನುಗ್ಗೆಕಾಯಿ ಒಂದಿರಲಿಲ್ಲ. ಆಕೆಯ ಬಳೆ ಬಾಗಿಲಿಗೆ ಟಣ್ ಎಂದು ತಾಗಿತು. ಇವರು ನಕ್ಕರು. "ಪರವಾಗಿಲ್ಲ, ಪರವಾಗಿಲ್ಲ" ಎಂದರು!

ನನ್ನ ಸಹನೆಯ ತಂತಿ ಅಲ್ಲಿಗೆ ಕಡಿಯಿತು.

"ರೀ, ಟೇಪಲ್ಲಿ ಅರ್ಧ ಸೆಂಟಿಮೀಟರ್ ಕಮ್ಮಿ ಇದೆ! ಎಡಗಡೆ ಆರ್ಮ್ ಗಿಡ್ಡ! ಗಾಡಿ ಮಾರ್ಬೇಡಿ!"

ಕಾರ್ಖಾನೆಯ ಫಿಟ್ಟರ್ ಬಂದು ಎರಡೂ ಆರ್ಮನ್ನು ಒಂದೇ ಸ್ಟೀಲ್ ಟೇಪಿನಲ್ಲಿ ಅಳೆದ. ಎಡಗಡೆಯದು ಸರಿಯಾಗಿ ಅರ್ಧ ಸೆಂಟಿಮೀಟರ್ ಗಿಡ್ಡ. ತುದಿ ಬಿಚ್ಚಿ, ತಿರುಗಿಸಿ, ಬಲದಷ್ಟೇ ಉದ್ದ ಮಾಡಿದ. ನಮ್ಮವರು ಓಡಿಸಿ ನೋಡಿ ಬಂದು, ಕೈಮುಗಿದು, "ಕ್ಷಮಿಸಿ, ಮಾರಲ್ಲ" ಎಂದರು. ಆಕೆ ಬೇಸರದಿಂದ ಇಳಿದರು. ನಾನು ಸ್ಟೂಲು ನಾನೇ ಇಟ್ಟುಕೊಂಡು ಹತ್ತಿದೆ.

ಹೆದ್ದಾರಿಯಲ್ಲಿ ಜೀಪು ಗೆರೆ ಎಳೆದ ಹಾಗೆ ನೇರ ಹೋಗುತ್ತಿತ್ತು. ನನ್ನ ಕಡೆ ಒಂಚೂರೂ ವಾಲುತ್ತಿರಲಿಲ್ಲ. ಅದನ್ನೂ ನಾನೇ ಕೈಯಾರೆ ಸರಿಮಾಡಿಸಿದ್ದೆ.

"ಉಳಿಸಿಕೊಟ್ಟೆ ಚಿನ್ನ" ಎಂದರು ನಮ್ಮವರು.

ಈ ಸಲ ನಾನು ಅವಸರಪಟ್ಟು ಓಗೊಡಲಿಲ್ಲ. ಯಾರಿಗೆ ಹೇಳಿದ್ದು ಎಂದು ಮೊದಲು ನೋಡಿದೆ. ಅವರ ಎಡಗೈ ಸ್ಟಿಯರಿಂಗು ಬಿಟ್ಟು ಮೆಲ್ಲಗೆ ನನ್ನ ಕಡೆಗೇ ಬರುತ್ತಿತ್ತು. ನಾಚಿಕೆ ಬಿಟ್ಟು ಗಟ್ಟಿಯಾಗಿ ಹಿಡಿದುಕೊಂಡೆ.

"ಬಿಡೇ" ಎಂದರು, "ಗೇರ್ ಹಾಕ್ಬೇಕು."