ಹೊಟ್ಟೆನೋವು ಮತ್ತು ಬೀಗಿತ್ತಿಯ ಗಡಿಗೆ

ತುಗಿಮಾನನಿಗೆ ಹೊಟ್ಟೆನೋವು ಬರಲು ಬೇರೆ ದಿನವೇ ಸಿಗಲಿಲ್ಲ. ಮಗಳು ರೆತ್ನೊಳಿಗೆ ಉಂಗುರ ತೊಡಿಸಲು ಗಂಡಿನ ಕಡೆಯವರು ಸಂಜೆ ಬರುವವರಿದ್ದರು. ಬೆಳಗ್ಗೆ ಕಣ್ಣು ಬಿಡುತ್ತಿದ್ದಂತೆ ಹೊಟ್ಟೆಯ ಬಲಮಗ್ಗುಲಲ್ಲಿ ಯಾರೋ ಕಾದ ಸೌಟು ಇಟ್ಟು ತಿರುವಿದಂತಾಯಿತು. ಕೆದಿರಿ ಊರಿನ ಗಲ್ಲಿಯೊಂದರಲ್ಲಿ ಹಕ್ಕಿಪಂಜರ ಹೆಣೆದು ಬದುಕುವ ತುಗಿಮಾನ ಸಾಧು ಪ್ರಾಣಿಯೇ. ಆದರೆ ನೋವು ಬಂದರೆ ಅದನ್ನು ಒಬ್ಬನೇ ಅನುಭವಿಸುವ ಜಾಯಮಾನ ಅವನದಲ್ಲ.

"ರಾತ್ರಿ ಎಷ್ಟು ತಟ್ಟೆ ಬಾರಿಸಿದ್ರಿ?" ಹೆಂಡತಿ ಲಸ್ಮಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಒಂದೇ ಕಣೇ."

"ಗಡಿಗೆ ಖಾಲಿಯಾಗಿದೆ. ನಮ್ಮ ಬೆಕ್ಕು ಖಾರ ತಿನ್ನಲ್ಲ."

ಗಡಿಗೆ ಬಂದದ್ದು ಬೀಗಿತ್ತಿಯಾಗಲಿದ್ದ ವೆನಿಂಗ್ ಮನೆಯಿಂದ. ಪೇಟೆಯಲ್ಲಿ ಅವಳ ತುಂಪಾಂಗ್ ಅಂದರೆ ಜನ ಸಾಲುಗಟ್ಟಿ ನಿಲ್ಲುತ್ತಾರೆ. ಹುದುಗಿಸಿದ ಸೋಯಾಕಾಳಿನ ತೆಂಪೆಯನ್ನು ಬೇಕೆಂದೇ ಇನ್ನಷ್ಟು ಕೊಳೆಯಲು ಬಿಟ್ಟು, ಮೂಗಿಗೆ ಬಡಿಯುವಂತಾದಾಗ ತೆಂಗಿನಹಾಲು, ಮೆಣಸಿನಕಾಯಿ ಹಾಕಿ ಕುದಿಸುವ ಪದಾರ್ಥ ಅದು. ಎಷ್ಟು ಕೊಳೆಯಬೇಕು, ಎಲ್ಲಿಗೆ ನಿಲ್ಲಬೇಕು ಅನ್ನುವುದರಲ್ಲೇ ಕೈಗುಣ. ವೆನಿಂಗ್ ತನ್ನ ಮಗನನ್ನು ಯಾರು ಬೈದರೂ ಸಹಿಸಿಯಾಳು, ಗಡಿಗೆಯನ್ನು ಬೈದರೆ ಮಾತ್ರ ಸಹಿಸಳು.

"ಮೈಗೆ ಗಾಳಿ ಹೊಕ್ಕಿದೆ, ಬೇರೇನಿಲ್ಲ. ಕವುಚಿ ಮಲಗಿ," ಎಂದು ಲಸ್ಮಿ ಎಣ್ಣೆಯನ್ನೂ ಹಳೆಯ ನಾಣ್ಯವನ್ನೂ ತಂದಳು. ಆ ಊರಲ್ಲಿ ನೆಗಡಿಗೂ ಅದೇ, ತಲೆನೋವಿಗೂ ಅದೇ. ಎಣ್ಣೆ ಸವರಿ ನಾಣ್ಯದ ಅಂಚಿನಿಂದ ಕೆಂಪು ಬರೆ ಏಳುವ ತನಕ ಗೀರಿದರೆ ಗಾಳಿ ಹೊರಗೆ ಹೋಗಬೇಕು. ಲಸ್ಮಿ ಗೀರಿದಳು. ನೋಡನೋಡುತ್ತಲೇ ಅವನ ಬೆನ್ನು ಹುಲಿಯ ಬೆನ್ನಾಯಿತು. ನಾಣ್ಯ ಬಲಪಕ್ಕೆಗೆ ತಾಗಿದ್ದೇ ತಡ, ತುಗಿಮಾನ ಚಾಪೆಯಿಂದ ಹಾರಿ ನಿಂತ.

"ಅಲ್ಲಿ ಮುಟ್ಟಬೇಡ! ಅಂಗಿ ತಾಗಿದ್ರೂ ಉರಿಯುತ್ತೆ!"

"ನೋವು ಹೊಟ್ಟೆ ಒಳಗೆ, ಅಂಗಿ ಹೊರಗೆ. ಏನು ಮಾತು ಅಂತ ಆಡ್ತೀರೋ!" ಎಂದು ಲಸ್ಮಿ ಆ ಜಾಗವನ್ನು ಬಿಟ್ಟು ಸುತ್ತಲೂ ಗೀರಿದಳು.

ಕೂಗು ಕೇಳಿ ಪಕ್ಕದ ಮನೆಯ ಪಾರ್ತಿ ಬಂದಳು. ಕರೆಯದೆ ಬರುವುದು ಅವಳ ಅಭ್ಯಾಸ, ಕೇಳದೆ ಹೇಳುವುದು ಅವಳ ಉದ್ಯೋಗ. ಮೂಲೆಯಲ್ಲಿದ್ದ ಖಾಲಿ ಗಡಿಗೆಯನ್ನು ಮೂಸಿ, "ನಾನು ಹೇಳಬಾರದು, ಆದ್ರೂ ಹೇಳ್ತೀನಿ. ತೆಂಪೆ ಜಾಸ್ತಿ ಕೊಳೆತಿದೆ," ಎಂದಳು.

ಅದೇ ಹೊತ್ತಿಗೆ ನೋವು ಮತ್ತೊಮ್ಮೆ ಛಳಕ್ ಅಂದಿತು. "ಅಯ್ಯೋ, ವಿಷ ಹಾಕಿಬಿಟ್ಲು ನಂಗೆ!" ಎಂದು ತುಗಿಮಾನ ಅರಚಿದ. ನೋವಿನಲ್ಲಿ ಬಾಯಿಗೆ ಬಂದ ಮಾತು ಅದು. ಪಾರ್ತಿ ಮಾತ್ರ ಅದನ್ನು ಭದ್ರವಾಗಿ ಸೆರಗಿಗೆ ಕಟ್ಟಿಕೊಂಡು, "ಪೇಟೆಯಲ್ಲಿ ಸ್ವಲ್ಪ ಸೊಪ್ಪು ತರಬೇಕಿತ್ತು," ಎಂದು ಎದ್ದೇಬಿಟ್ಟಳು.

ಅವಳು ಅತ್ತ ಹೋದಂತೆ ಎದುರುಮನೆಯ ಜುಮಾರಿ ಇತ್ತ ಬಂದ. ತುಗಿಮಾನನ ಹೊಟ್ಟೆಯನ್ನು ರೊಟ್ಟಿ ಹಿಟ್ಟಿನಂತೆ ಒತ್ತಿ ನೋಡಿ, "ಅಪೆಂಡಿಕ್ಸ್! ನನ್ನ ಭಾವಮೈದನಿಗೂ ಥೇಟ್ ಹೀಗೇ. ತಡ ಮಾಡಿದ್ರೆ ಒಡೆದುಹೋಗುತ್ತೆ," ಎಂದ. ಒಡೆಯುವ ಮಾತು ಕೇಳಿ ತುಗಿಮಾನ ತಾನಾಗಿಯೇ ಹೋಗಿ ಜುಮಾರಿಯ ಬೈಕು ಏರಿ ಕೂತ. ಮುಂದೆ ಜುಮಾರಿ, ಹಿಂದೆ ಲಸ್ಮಿ, ನಡುವೆ ಅವನು. ಬೈಕು ಗಲ್ಲಿಯ ಪ್ರತಿ ಗುಂಡಿಯನ್ನೂ ಮಾತಾಡಿಸಿಕೊಂಡು ಆಸ್ಪತ್ರೆ ಸೇರಿತು. ರೆತ್ನೊ ಹಿಂದಿನಿಂದ ಸೈಕಲ್ ತುಳಿದು ಬಂದಳು.

ಡಾಕ್ಟರಮ್ಮ ಒತ್ತಿದರು, ಅವನು ಕೂಗಿದ. ರಕ್ತ ತೆಗೆದರು, ಆಗಲೂ ಕೂಗಿದ. ಸ್ಕ್ಯಾನ್ ಮಾಡಿದರು. ಒಳಗೆ ಎಲ್ಲವೂ ತಂತಮ್ಮ ಜಾಗದಲ್ಲಿ ತಣ್ಣಗೆ ಕೂತಿದ್ದವು.

"ಏನೂ ಕಾಣಿಸ್ತಿಲ್ಲ. ಇಷ್ಟು ನೋವಿದೆ ಅಂದ್ರೆ ಸರ್ಜನ್ನು ಒಂದು ಸಲ ನೋಡ್ಲಿ. ಬೇಕಾದ್ರೆ ಕೊಯ್ದು ನೋಡ್ತಾರೆ," ಎಂದರು ಡಾಕ್ಟರಮ್ಮ.

"ಕೊಯ್ದು ನೋಡೋಕೆ ನಾನೇನು ಹಲಸಿನಹಣ್ಣಾ?" ಎಂದು ತುಗಿಮಾನ ಕೇಳುವಷ್ಟರಲ್ಲಿ ವಾರ್ಡಿನ ಬಾಗಿಲು ಧಡಾರನೆ ತೆರೆಯಿತು.

ವೆನಿಂಗ್ ಬಂದಿದ್ದಳು. ಕಂಕುಳಲ್ಲಿ ಹೊಸ ಗಡಿಗೆ, ಹಿಂದೆ ತಲೆ ತಗ್ಗಿಸಿದ ಮಗ ಬಾಗಸ್, ಅವನ ಹಿಂದೆ ಸೊಪ್ಪಿನ ಕಟ್ಟು ಹಿಡಿದ ಪಾರ್ತಿ.

"ಯಾರ್ರೀ ನನ್ನ ತುಂಪಾಂಗ್ ವಿಷ ಅಂದಿದ್ದು? ನಮ್ಮಜ್ಜಿ ಕಾಲದ ಒಲೆ ಅದು! ಬೆಳಗ್ಗಿಂದ ಒಂದು ತಟ್ಟೆ ಖರ್ಚಾಗಿಲ್ಲ! ಬಾಗಸ್, ನೋಡಿದ್ಯಾ ನಿನ್ನ ಮಾವನ್ನ? ಉಂಗುರ ನನ್ನ ಕೈಗೆ ಕೊಡು. ಈ ಸಂಬಂಧ ಇಲ್ಲಿಗೆ ಮುಗೀತು."

ಪಾರ್ತಿಗೆ ಮೇಲೆ ತಿರುಗುತ್ತಿದ್ದ ಫ್ಯಾನಿನಲ್ಲಿ ಒಮ್ಮೆಲೇ ಆಸಕ್ತಿ ಹುಟ್ಟಿತು.

"ಅಪ್ಪಾ, ಏನಾದ್ರೂ ಹೇಳಪ್ಪ," ಎಂದಳು ರೆತ್ನೊ. ಬಾಗಸನಿಗಾಗಿ ಎರಡು ಒಳ್ಳೆಯ ಸಂಬಂಧ ಬೇಡ ಅಂದವಳು ಅವಳು. ಮಗಳ ಕಣ್ಣು ತುಂಬಿದ್ದು ಕಂಡು ತುಗಿಮಾನನಿಗೆ ಹೊಟ್ಟೆಯ ನೋವೇ ಮರೆತುಹೋಯಿತು. ತನ್ನ ಹಾಳು ನಾಲಿಗೆಯಿಂದ ಮಗಳ ಬಾಳು ಕೆಟ್ಟಿತಲ್ಲ ಎಂದು ಸಂಕಟವಾಯಿತು. ಕ್ಷಮೆ ಕೇಳೋಣವೆಂದು ಗಡಬಡಿಸಿ ಎದ್ದ. ಅಂಗಿ ಮೇಲಕ್ಕೆ ಸರಿಯಿತು.

"ಒಂದು ನಿಮಿಷ," ಎಂದು ಡಾಕ್ಟರಮ್ಮ ಕನ್ನಡಕ ಏರಿಸಿದರು. "ಈ ಗೀರೆಲ್ಲ ನಾಣ್ಯದ್ದು, ಸರಿ. ಇದನ್ನೂ ನೀವೇ ಗೀರಿದ್ರಾ?"

"ಅಲ್ಲಿ ಮುಟ್ಟೋಕೇ ಬಿಡಲಿಲ್ಲ ಮೇಡಂ, ಮನೆ ಸೂರು ಹಾರೋ ಹಾಗೆ ಕೂಗಿದ್ರು," ಎಂದಳು ಲಸ್ಮಿ.

ಓರೆಯಾದ ಬರೆಗಳ ನಡುವೆ ಕೆಂಪು ಪಟ್ಟಿಯೊಂದು ಬೆನ್ನಿನಿಂದ ಹೊರಟು, ಬಲಪಕ್ಕೆ ಬಳಸಿ, ಹೊಕ್ಕುಳ ಹತ್ತಿರ ಬಂದು ನಿಂತಿತ್ತು. ಅದರ ಮೇಲೆ ಸಾಸಿವೆಯಷ್ಟು ಸಣ್ಣ ನೀರುಗುಳ್ಳೆಗಳು ಈಗಷ್ಟೇ ತಲೆ ಎತ್ತುತ್ತಿದ್ದವು. ಬರೆಗಳ ಗಲಾಟೆಯಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಸರ್ಪಸುತ್ತು!" ಡಾಕ್ಟರಮ್ಮ ನಕ್ಕೇಬಿಟ್ಟರು. "ಚಿಕ್ಕೋರಿದ್ದಾಗ ಸೀತಾಳೆ ಸಿಡುಬು ಆಗಿತ್ತಾ? ಅದರ ವೈರಸ್ಸು ಎಲ್ಲೂ ಹೋಗಲ್ಲ, ನರದ ಬುಡದಲ್ಲಿ ನಿದ್ದೆ ಮಾಡ್ತಿರುತ್ತೆ. ಈಗ ಎದ್ದಿದೆ. ಮೊದಲು ನೋವು ಬರುತ್ತೆ, ಗುಳ್ಳೆ ಆಮೇಲೆ. ಹೊಟ್ಟೇದೇ ಅಂತ ನಾವೂ ಮೋಸ ಹೋದ್ವಿ. ಕೊಯ್ಯೋದೇನೂ ಬೇಡ, ಮಾತ್ರೆ ಕೊಡ್ತೀನಿ."

"ಹಂಗಾದ್ರೆ ನನ್ನ ತುಂಪಾಂಗ್?" ಎಂದಳು ವೆನಿಂಗ್.

"ಊಟಕ್ಕೂ ಇದಕ್ಕೂ ಸಂಬಂಧವೇ ಇಲ್ಲ."

"ಇನ್ನೊಂದು ಸಲ ಹೇಳಿ ಡಾಕ್ಟರಮ್ಮ. ಸ್ವಲ್ಪ ಗಟ್ಟಿಯಾಗಿ."

ಡಾಕ್ಟರಮ್ಮ ಗಟ್ಟಿಯಾಗಿ ಹೇಳಿದರು. ತುಗಿಮಾನ ಕೈಮುಗಿದು ತಪ್ಪಾಯಿತು ಎಂದ. ವೆನಿಂಗ್ ಬಿಗಿದ ಮುಖವನ್ನು ಅರ್ಧ ಮಾತ್ರ ಸಡಿಲಿಸಿದಳು. "ಸಂಜೆ ಎಲ್ಲರ ಎದುರಿಗೆ ಇದೇ ಗಡಿಗೆಯಿಂದ ಉಣ್ಬೇಕು. ನಿಮಗೇ ಅಂತ ತಂದಿರೋದು. ನೀವು ಉಂಡ ಮೇಲೆ ಉಂಗುರ."

ಗಡಿಗೆ ಬಾಗಸನ ಬೈಕಿನ ಹ್ಯಾಂಡಲಿಗೆ ಜೋತುಬಿದ್ದು, ಔಷಧಿ ಅಂಗಡಿ, ಹೂವಿನ ಅಂಗಡಿ, ಸಿಹಿತಿಂಡಿ ಅಂಗಡಿ ಎಲ್ಲ ಸುತ್ತಿತು. ಅಂದಿನ ಬಿಸಿಲೂ ಜೋರಾಗಿತ್ತು.

ಸಂಜೆ ಗಲ್ಲಿಯೇ ತುಗಿಮಾನನ ಪಡಸಾಲೆಯಲ್ಲಿ ನೆರೆದಿತ್ತು. ಎಲ್ಲರಿಗೂ ಲಸ್ಮಿಯ ಅಡುಗೆ, ಅವನೊಬ್ಬನಿಗೆ ಗಡಿಗೆಯ ತುಂಪಾಂಗ್. ಮಾತ್ರೆ ನುಂಗಿ, ಸಡಿಲ ಅಂಗಿ ತೊಟ್ಟು ಕೂತವನು ಮೊದಲ ತುತ್ತು ಬಾಯಿಗಿಟ್ಟ. ಇಟ್ಟವನು ಅಗಿಯುವುದನ್ನೇ ನಿಲ್ಲಿಸಿದ. ಜೀವಮಾನವೆಲ್ಲ ತುಂಪಾಂಗ್ ಉಂಡ ನಾಲಿಗೆ ಅದು, ತಪ್ಪು ಹೇಳುವುದಿಲ್ಲ. ನಿನ್ನೆಯದು ಹದವಾಗಿ ಕೊಳೆತಿತ್ತು. ಇಂದಿನದು ನಿಜವಾಗಿಯೂ ಹಳಸಿತ್ತು.

ವೆನಿಂಗ್ ಉಂಗುರದ ಡಬ್ಬಿ ಹಿಡಿದು ಅವನ ಬಾಯಿಯನ್ನೇ ನೋಡುತ್ತಿದ್ದಳು. ರೆತ್ನೊಳ ಬೆರಳು ಬರಿದಾಗಿತ್ತು. ತುಗಿಮಾನ ಕಣ್ಣುಮುಚ್ಚಿ ತುತ್ತು ನುಂಗಿದ. ಇನ್ನೊಂದು ನುಂಗಿದ. ತಟ್ಟೆ ಬರಿದಾಗುವ ಹೊತ್ತಿಗೆ ಹೊಟ್ಟೆಯ ನಟ್ಟನಡುವೆ ಏನೋ ಗುಡುಗಿ, ತಿರುಚಿ, ಕೆಳಗಿಳಿಯತೊಡಗಿತು. ಹಣೆ ಬೆವೆತು ಮುಖ ಹುಳ್ಳಗಾಯಿತು.

"ಏನಾಯ್ತು ಬೀಗರೇ?" ವೆನಿಂಗಳ ದನಿ ಚೂಪಾಯಿತು. "ಹೊಟ್ಟೆನಾ?"

ಪಾರ್ತಿ ಕತ್ತು ಉದ್ದ ಮಾಡಿದಳು.

"ಛೆ ಛೆ, ಹೊಟ್ಟೆ ಅಲ್ಲ," ತುಗಿಮಾನ ಹಲ್ಲುಕಚ್ಚಿ ನಕ್ಕ. "ನರ. ಅದೇ ನರ."

"ನಾನು ಬೆಳಗ್ಗೇನೇ ಹೇಳ್ಲಿಲ್ವಾ, ನರದ್ದೇ ಅಂತ!" ಎಂದ ಜುಮಾರಿ.

ವೆನಿಂಗಳ ಮುಖ ಪೂರ್ತಿ ಸಡಿಲಾಯಿತು. "ಪಾಪ, ನರಕ್ಕೆ ಶಕ್ತಿ ಬೇಡ್ವಾ? ಇನ್ನೊಂದು ತಟ್ಟೆ ಆಗ್ಲಿ, ಆಮೇಲೆ ಉಂಗುರ. ಸಂಕೋಚ ಬೇಡ, ಊಟಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಡಾಕ್ಟರಮ್ಮನೇ ಹೇಳಿದ್ದಾರೆ," ಎನ್ನುತ್ತ ಗಡಿಗೆಯ ತಳದಲ್ಲಿದ್ದುದನ್ನೆಲ್ಲ ಕೆರೆದು ಅವನ ತಟ್ಟೆಗೆ ಸುರಿದಳು.