ಕಿಂಡಿ ದಾಟಿದ ಕೆಂಪಿ

ಕೋಳಿ ಸಾಕುವುದು ಬಹಳ ಸುಲಭ ಎಂದು ನನಗೆ ಹೇಳಿದವರೆಲ್ಲ ಕೋಳಿ ಸಾಕದವರು. ಸಾಕಿದವರನ್ನು ಮೊದಲೇ ಕೇಳಬೇಕಿತ್ತು. ಆದರೆ ಅವರು ಕೂತು ಮಾತಾಡಲು ಸಿಗುವುದೇ ಇಲ್ಲ. ಸದಾ ಕೈಯಲ್ಲೊಂದು ಬುಟ್ಟಿ ಹಿಡಿದು ಯಾರದೋ ಹಿತ್ತಲಿನಲ್ಲಿ ಬಗ್ಗಿ ಓಡಾಡುತ್ತಿರುತ್ತಾರೆ. ಈಗ ನಾನೂ ಅವರಲ್ಲೊಬ್ಬ. ಹಗಲೆಲ್ಲ ಗದಗಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಕುಳಿತು ಮದುವೆ ಕಾರ್ಡುಗಳ ತಪ್ಪು ತಿದ್ದುತ್ತೇನೆ. ಸಂಜೆ ಬೆಟಗೇರಿಯ ಮನೆಗೆ ಬಂದರೆ ನನ್ನ ತಪ್ಪು ತಿದ್ದಲು ಹೆಂಡತಿ ಸುಮಿತ್ರಾ ಇದ್ದಾಳೆ. ಇಷ್ಟೇ ಇದ್ದ ಸಂಸಾರದಲ್ಲಿ ಕೋಳಿಗಳು ಬಂದು ಸೇರಿದ್ದು ಒಂದು ಚೇಳಿನ ದೆಸೆಯಿಂದ.

ನಮ್ಮ ಹಿತ್ತಲಿನದು ಹಳೆಯ ಕಲ್ಲಿನ ಗೋಡೆ. ಅದರ ಸಂದಿಯಿಂದ ಹೊರಟ ಚೇಳೊಂದು ಒಂದು ದಿನ ಸುಮಿತ್ರಾ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಾಲ ಎತ್ತಿ ನಿಂತಿತು. ಮುಂಡರಗಿಯಿಂದ ಬಂದಿದ್ದ ಅವಳ ತಮ್ಮ ಬಸವರಾಜ ಕೂಡಲೇ ಉಪಾಯ ಹೇಳಿದ: “ಮಾವಾರ, ನಾಕ ಕೋಳಿ ಬಿಡ್ರಿ. ಚೇಳಲ್ಲ, ಚೇಳಿನ ಮರಿಮಕ್ಕಳೂ ಉಳಿಯಂಗಿಲ್ಲ.” ಹೇಳಿ ಸುಮ್ಮನಾಗುವ ಜಾತಿಯವನಲ್ಲ ಅವನು. ಮುಂದಿನ ಸಲ ಬರುವಾಗ ಬುಟ್ಟಿ ತುಂಬ ಕೋಳಿ ಹೊತ್ತೇ ಬಸ್ಸಿಳಿದ. ಜೊತೆಗೊಂದು ಹುಂಜವೂ ಇತ್ತು. ಅದೇಕೆ ಎಂದು ಕೇಳಿದೆ.

“ಹಿಂಡಿಗೆ ಒಬ್ಬ ಯಜಮಾನ ಬೇಕಲ್ರಿ?” ಎಂದ.

ಸುಮಿತ್ರಾ ನನ್ನ ಕಡೆ ನೋಡಿ, “ಇನ್ನೊಬ್ಬನಾ?” ಎಂದಳು.

ಕೋಳಿಗಳು ಚೇಳು ತಿಂದವು, ಅದನ್ನು ಅಲ್ಲಗಳೆಯುವಂತಿಲ್ಲ. ಆಮೇಲೆ ಮೆಂತ್ಯದ ಮಡಿ ತಿಂದವು, ಕೊತ್ತಂಬರಿ ಕೆದರಿದವು. ನಮ್ಮಲ್ಲಿ ಇನ್ನೇನೂ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆ, ಗೋಡೆಯ ಬುಡದಲ್ಲಿ ಮಳೆನೀರು ಹರಿಯಲು ಬಿಟ್ಟಿದ್ದ ಕಿಂಡಿಯನ್ನು ಕಂಡುಹಿಡಿದವು. ಕಿಂಡಿಯಾಚೆ ಗಂಗವ್ವಕ್ಕನ ಹಿತ್ತಲು. ಗಂಗವ್ವಕ್ಕ ಅಂಗನವಾಡಿಯಲ್ಲಿ ನಮ್ಮ ಓಣಿಯ ಅರ್ಧ ಮಕ್ಕಳನ್ನು ತಿದ್ದಿ ನಿವೃತ್ತರಾದವರು. ಅವರದು ತತ್ತಿ, ಮಾಂಸ ಮುಟ್ಟದ ಮನೆ. ಹಾಗೆಂದು ನಮ್ಮ ಕೋಳಿಗಳ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಆಡಿದ್ದು, ಅವರು ಬಿಳಿ ಧೋತರದ ಮೇಲೆ ಒಣಹಾಕಿದ ಸಾಬೂದಾನಿ ಸಂಡಿಗೆಯ ಮೇಲೆ ನಮ್ಮ ಹಿಂಡು ಮೆರವಣಿಗೆ ಹೋದ ದಿನ.

“ಪ್ರೆಸ್ಸಿನವರ, ಸಂಡಗಿ ಹೆಂಗ ಆಗ್ಯಾವ ಅಂತ ನಿಮ್ಮ ಕೋಳಿಗೆ ಕೇಳ್ರಿ. ಉಪ್ಪ ಕಡಿಮಿ ಬಿದ್ದಿದ್ರ ಹೇಳ್ಲಿ,” ಎಂದರು ಗೋಡೆಯ ಮೇಲಿಂದ.

ಇಂಥ ಹೊತ್ತಿನಲ್ಲಿ ಬುದ್ಧಿವಂತರು ಕೈ ಮುಗಿಯುತ್ತಾರೆ. ನಾನು, “ತಕರಾರ ಏನೂ ಬಂದಿಲ್ಲರಿ ಅಕ್ಕಾರ, ಎಲ್ಲಾ ಖಾಲಿ ಮಾಡ್ಯಾವ,” ಎಂದು ಬಿಟ್ಟೆ. ಗಂಗವ್ವಕ್ಕ ನಗಲಿಲ್ಲ. ಧೋತರ ಝಾಡಿಸಿ ಒಳಗೆ ಹೋದವರು ಅಂದಿನಿಂದ ನಮ್ಮ ಜೊತೆ ಮಾತು ಬಿಟ್ಟರು. “ಜೋಕ್ ಮಾಡಂತ ನಿಮಗ ಯಾರ ಹೇಳಿದ್ರು?” ಎಂದು ಸುಮಿತ್ರಾ ಹಣೆ ಚಚ್ಚಿಕೊಂಡಳು.

ತಪ್ಪು ಸರಿಪಡಿಸುವ ಹುರುಪಿನಲ್ಲಿ ನಾನು ಮರುದಿನವೇ ಕಲ್ಲು, ಸಿಮೆಂಟು ತಂದು ಕಿಂಡಿ ಮುಚ್ಚಿದೆ. ನನ್ನ ಕೈಯಿಂದ ಅಷ್ಟು ಗಟ್ಟಿಯಾದ ಕೆಲಸ ಹಿಂದೆಂದೂ ಆಗಿರಲಿಲ್ಲ. ಸಂಜೆ ಗೂಡಿಗೆ ಕೋಳಿ ಕರೆದರೆ ಕೆಂಪಿ ಇಲ್ಲ. ಕೆಂಪಿ ಎಂದರೆ ಸುಮಿತ್ರಾಳ ಪ್ರೀತಿಯ ಕೋಳಿ. ಅವಳು ಜೋಳ ಹಸನು ಮಾಡುವಾಗ ಮೊರದ ಪಕ್ಕ ಬಂದು ಕೂರುತ್ತಿದ್ದುದು ಅದೊಂದೇ. ಓಣಿಯೆಲ್ಲ ಹುಡುಕಿದೆವು. ಗಟಾರದೊಳಗೆ ಇಣುಕಿದೆವು. ಓಣಿಯ ಬೆಕ್ಕನ್ನು ನಾನು ಬಹಳ ಹೊತ್ತು ದುರುಗುಟ್ಟಿ ನೋಡಿದೆ, ಅದು ಆಕಳಿಸಿತು. ಗಂಗವ್ವಕ್ಕನನ್ನು ಕೇಳೋಣವೆಂದರೆ ಮಾತಿಲ್ಲ.

ಮನೆಗೆ ಮಂಕು ಕವಿಯಿತು. ಸುಮಿತ್ರಾ ಕೆಲವು ದಿನ ತತ್ತಿಯ ಪಲ್ಯವನ್ನೇ ಮಾಡಲಿಲ್ಲ. ಅವಳಿಗೆ ಕೆಂಪಿಯೂ ಇಲ್ಲ, ಗೋಡೆಯ ಮೇಲಿನ ಮಾತೂ ಇಲ್ಲ. ಯಾರ ಮನೆಯ ಸೊಸೆ ತವರಿಗೆ ಹೋದಳು, ಯಾರ ಮನೆಗೆ ಹೊಸ ಫ್ರಿಜ್ ಬಂತು ಎಂಬ ಖಬರೆಲ್ಲ ಅವಳಿಗೆ ಆ ಗೋಡೆಯ ಮೇಲಿಂದಲೇ ಸಿಗುತ್ತಿತ್ತು. ಈಗ ಬೇರೆ ದಾರಿಯಿಲ್ಲದೆ ಸಂಜೆ ಹೊತ್ತು ನನ್ನ ಜೊತೆ ಮಾತಾಡತೊಡಗಿದಳು. ಇಬ್ಬರಿಗೂ ಕಷ್ಟವಾಯಿತು.

ಹೀಗೇ ದಿನಗಳು ಹೋದವು. ಒಂದು ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಗೋಡೆಯಾಚೆಯಿಂದ ಚಿಂವ್ ಚಿಂವ್ ಎಂದು ಕೇಳಿಸಿತು. ಸುಮಿತ್ರಾ ಒಲೆಯ ಮುಂದಿನಿಂದ ಎದ್ದೇ ಬಂದಳು. “ನಮ್ಮ ಕೆಂಪೀದ ದನೀನೂ ಐತ್ರಿ ಅದ್ರಾಗ! ಹೋಗ್ರಿ, ಕೇಳ್ಕೊಂಡ ಬರ್ರಿ. ಜೋಕ್ ಮಾಡಬ್ಯಾಡ್ರಿ ಮತ್ತ.”

ಬಾಯಿ ತೊಳೆದು ಹೋದೆ. ನಮ್ಮ ಕೋಳಿಯನ್ನು ಇಷ್ಟು ದಿನ ಬಚ್ಚಿಟ್ಟದ್ದು ನ್ಯಾಯವೇ ಎಂದು ಗಂಭೀರವಾಗಿ ಕೇಳಬೇಕೆಂದು ದಾರಿಯಲ್ಲೇ ವಾಕ್ಯ ಜೋಡಿಸಿಕೊಂಡಿದ್ದೆ. ಗಂಗವ್ವಕ್ಕ ಬಾಗಿಲು ತೆರೆದು, ಒಂದು ಮಾತೂ ಆಡದೆ ಬಚ್ಚಲಮನೆಗೆ ಕರೆದೊಯ್ದರು. ನೀರು ಕಾಸುವ ಒಲೆಯ ಪಕ್ಕ, ಉರಿಸಲು ಒಟ್ಟಿದ್ದ ಹತ್ತಿಕಟ್ಟಿಗೆಯ ಬಣವೆ. ಅದರ ಹೊಟ್ಟೆಯಲ್ಲಿ ಕೆಂಪಿ, ರೆಕ್ಕೆಯ ಕೆಳಗಿಂದ ಇಣುಕುವ ಪುಟ್ಟ ಪುಟ್ಟ ಕೊಕ್ಕುಗಳು. ಮುಂದೆ ಒಂದು ಬಟ್ಟಲು ನೀರು, ಒಂದು ಹಿಡಿ ನುಚ್ಚು. ನಾನು ಜೋಡಿಸಿಕೊಂಡಿದ್ದ ವಾಕ್ಯ ಮರೆತೇಹೋಯಿತು.

“ಒಂದ ಮಾತ ಹೇಳಬಾರದಿತ್ತೇನ್ರಿ ಅಕ್ಕಾರ?” ಎಂದೆ.

“ಹೆಂಗ ಹೇಳ್ಲಿ? ಮಾತ ಬಿಟ್ಟಿದ್ವಲ್ಲ,” ಎಂದರು. ಮಾತು ಒಮ್ಮೆ ಹೊರಟಿತು ನೋಡಿ, ಮತ್ತೆ ನಿಲ್ಲಲಿಲ್ಲ. “ಮೊದಲಿಂದೂ ಇಲ್ಲೇ ಬಂದ ತತ್ತಿ ಇಟ್ಟೈತಿ ಕಾಣ್ತೈತಿ. ನೀವು ಕಿಂಡಿ ಮುಚ್ಚಿದ ದಿನ ನೋಡ್ತೀನಿ, ಕಾವಿಗೆ ಕುಂತುಬಿಟ್ಟೈತಿ. ನಾವು ತತ್ತಿ ಮುಟ್ಟೋರಲ್ಲ, ಹೆಂಗ ಎತ್ತಿ ಕೊಡ್ಲಿ? ತಾಯಿ ಕುಂತಾಳ, ಹೆಂಗ ಎಬ್ಬಿಸ್ಲಿ? ಕಟಿಗಿ ಜಗ್ಗಿದ್ರ ಮೈಮ್ಯಾಲ ಬೀಳ್ತಾವ, ಒಲಿ ಹಚ್ಚಿದ್ರ ಹೊಗಿ. ಇಷ್ಟ ದಿನ ಗ್ಯಾಸ್ ಮ್ಯಾಲ ನೀರ ಕಾಸಿ ಜಳಕದ ನೀರ ಹೊತ್ತ ಹೊತ್ತ ನನ್ನ ನಡಾನ ಹೋತು, ನಿಮ್ಮ ಕೋಳಿ ಬಾಣಂತನದಾಗ!”

ಅಷ್ಟರಲ್ಲಿ ಸುಮಿತ್ರಾ ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿ ಬಂದಿದ್ದಳು. ಕೆಂಪಿಯನ್ನು ನೋಡಿ ಅತ್ತಳೋ, ಗಂಗವ್ವಕ್ಕನ ಕೈ ಹಿಡಿದು ಅತ್ತಳೋ ನನಗೆ ಗೊತ್ತಾಗಲಿಲ್ಲ. ಇಬ್ಬರೂ ಒಲೆಯ ಕಟ್ಟೆಯ ಮೇಲೆ ಕುಳಿತು, ಬಾಕಿ ಉಳಿದಿದ್ದ ಖಬರುಗಳನ್ನೆಲ್ಲ ಒಂದೇ ಸಮನೆ ಮುಗಿಸಿದರು. ನನಗೆ ಬೆಳಗಿನ ಚಹಾ ಸಿಕ್ಕಿದ್ದು ಮಧ್ಯಾಹ್ನ.

ತಾಯಿ ಮಕ್ಕಳನ್ನು ಬುಟ್ಟಿಯಲ್ಲಿ ಹೊತ್ತು ಮನೆಗೆ ತಂದೆ. ನನ್ನ ಆ ಗಟ್ಟಿ ಸಿಮೆಂಟನ್ನು ನಾನೇ ಬೆವರು ಸುರಿಸಿ ಒಡೆದು ಕಿಂಡಿ ತೆರೆದೆ. ಹಾಗೆಂದು ಎರಡು ಮನೆಯವರ ಆಜ್ಞೆಯಾಗಿತ್ತು. ಕಿಂಡಿ ತೆರೆದದ್ದೇ ತಡ, ಕೆಂಪಿ ಮರಿಗಳನ್ನು ಸಾಲಾಗಿ ಹಿಂದಿಟ್ಟುಕೊಂಡು ಗಂಗವ್ವಕ್ಕನ ಬಚ್ಚಲಿಗೆ ಹೊರಟುಹೋಯಿತು. “ಇರ್ಲಿ ಬಿಡ್ರಿ. ಮರಿ ದೊಡ್ಡವಾಗೂತನಕ ಗ್ಯಾಸೇ ಗತಿ,” ಎಂದರು ಅವರು, ಗೊಣಗುವ ದನಿಯಲ್ಲಿ. ಮುಖದಲ್ಲಿ ಮಾತ್ರ ಗೊಣಗು ಇರಲಿಲ್ಲ. ಸಂಡಿಗೆ ಈಗ ಮಾಳಿಗೆಯ ಮೇಲೆ ಒಣಗುತ್ತದೆ. ಅದನ್ನು ಹೊತ್ತು ಮೇಲೇರಿಸುವವನು ನಾನು.

ನಿನ್ನೆ ಸಂಜೆ ಮರಿಗಳನ್ನು ಮಾತಾಡಿಸೋಣವೆಂದು ಕೈಯಲ್ಲಿ ನುಚ್ಚು ಹಿಡಿದು ಅವರ ಹಿತ್ತಲಿಗೆ ಹೋದೆ. ಕೆಂಪಿ ಕತ್ತೆತ್ತಿ ‘ಕರ್ರ್’ ಎಂದು ಒಂದು ಥರಾ ಕೂಗಿತು. ಮರಿಗಳೆಲ್ಲ ಎದ್ದುಬಿದ್ದು ಹತ್ತಿಕಟ್ಟಿಗೆಯೊಳಗೆ ಅಡಗಿದವು. ಹದ್ದು ಕಂಡರೆ ಕೋಳಿ ಹಾಗೆ ಕೂಗುತ್ತದೆಂದು ಬಸವರಾಜ ಹೇಳಿದ್ದ. ನಾನು ಗಾಬರಿಯಿಂದ ಆಕಾಶ ನೋಡಿದೆ.

“ಹದ್ದ ಬಂತೇನ್ರಿ ಅಕ್ಕಾರ?”

ಗಂಗವ್ವಕ್ಕ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. “ಮ್ಯಾಲ ಏನೂ ಇಲ್ಲ ಬಿಡ್ರಿ. ನಿಮ್ಮನ್ನ ನೋಡೇ ಕೂಗಿದ್ದದು.”

ಗೋಡೆಯಾಚೆಯಿಂದ ಸುಮಿತ್ರಾ ನಕ್ಕದ್ದು ಓಣಿಯ ತುದಿಗೂ ಕೇಳಿಸಿರಬೇಕು. ನಾನು ನುಚ್ಚನ್ನು ಮೆಲ್ಲಗೆ ನೆಲಕ್ಕೆ ಸುರಿದು, ರೆಕ್ಕೆ ಮಡಚಿಕೊಂಡು ಹಿಂದೆ ಸರಿದೆ.