ಭಯಕ್ಕೆ ಮೀಸೆ ಬಂದದ್ದು

ಡ್ರಾಯಿಂಗ್ ಮೇಷ್ಟ್ರು ಕೈ ಎತ್ತಿದ್ದು ಫ್ಯಾನ್ ಸ್ವಲ್ಪ ನಿಧಾನ ಮಾಡಿ ಎಂದು ಕೇಳಲು. ಮೀಟಿಂಗಿನಲ್ಲಿ ಅವರಿಗೆ ಸಿಗುತ್ತಿದ್ದುದು ಯಾವಾಗಲೂ ಫ್ಯಾನಿನ ಕೆಳಗಿನ, ಬೇರೆ ಯಾರೂ ಕೂರದ ಕುರ್ಚಿ. ತಲೆಯ ಮೇಲೆ ಅಳಿದುಳಿದ ಕೂದಲು ಗಾಳಿಗೆ ಎದ್ದು ನಿಂತು ಸಭೆಗೆಲ್ಲ ನಮಸ್ಕಾರ ಹೇಳುತ್ತಿತ್ತು. ಆದರೆ ಅದೇ ಗಳಿಗೆಯಲ್ಲಿ ಮುಖ್ಯೋಪಾಧ್ಯಾಯಿನಿ, "ನಾಳೆ ಪರೀಕ್ಷೆ. ಮಕ್ಕಳು ಹೆದರಿ ಹಣ್ಣಾಗಿದ್ದಾರೆ. ಇವತ್ತೊಂದು ದಿನ ಕೂತು ಧೈರ್ಯ ಹೇಳೋರು ಯಾರಿದ್ದೀರಾ?" ಎಂದು ಕೇಳಿದ್ದರು.

"ಭೇಷ್! ಡ್ರಾಯಿಂಗ್ ಮೇಷ್ಟ್ರೇ, ನೀವು ಮುಂದೆ ಬರ್ತೀರಿ ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ!"

"ಅಲ್ಲ ಮೇಡಂ, ಫ್ಯಾನು..."

"ಫ್ಯಾನ್ ಆ ರೂಮಲ್ಲೂ ಇದೆ. ಆಟದ ಸಾಮಾನಿನ ರೂಮು ತಗೊಳ್ಳಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ತಮ್ಮ ತಲೆಗೆ ಬರಲಿಲ್ಲವಲ್ಲ ಎಂಬ ಸಂತೋಷಕ್ಕೆ ತಟ್ಟುವ ಚಪ್ಪಾಳೆಯ ಸದ್ದೇ ಬೇರೆ.

ಧೈರ್ಯ ಹೇಳುವುದಿರಲಿ, ಮೇಷ್ಟ್ರು ಯಾರಿಗಾದರೂ ಏನಾದರೂ ಹೇಳಿ ಎಷ್ಟೋ ಕಾಲವಾಗಿತ್ತು. ಜೊತೆಗಿದ್ದ ಅಕ್ಕ ತೀರಿಕೊಂಡ ಮೇಲೆ ಮನೆಯಲ್ಲಿ ಅವರೊಬ್ಬರೇ. ರೇಡಿಯೋದಾಕೆ "ಇಲ್ಲಿಗೆ ವಾರ್ತೆಗಳು ಮುಗಿದವು" ಎಂದಾಗ "ಆಗಲಮ್ಮ" ಅನ್ನುವುದೇ ಅವರ ಸಂಸಾರದ ಮಾತುಕತೆ. ಶಾಲೆಯಲ್ಲೂ ಅಷ್ಟೆ. ಪರೀಕ್ಷೆ ಹತ್ತಿರ ಬಂತೆಂದರೆ ಡ್ರಾಯಿಂಗ್ ಪೀರಿಯಡ್ಡುಗಳೆಲ್ಲ ಗಣಿತದ ಮೇಷ್ಟ್ರ ಹೊಟ್ಟೆ ಸೇರುತ್ತಿದ್ದವು.

ಆಟದ ಸಾಮಾನಿನ ರೂಮಿನಲ್ಲಿ ಡ್ರಾಯಿಂಗ್ ಮೇಷ್ಟ್ರು ಗಾಳಿ ಹೋದ ಚೆಂಡುಗಳನ್ನು ಮೂಲೆಗೆ ಸರಿಸಿ, ಎರಡು ಕುರ್ಚಿ ಒರೆಸಿ, ಎದುರುಬದುರು ಹಾಕಿದರು. ತೀರಾ ಪೊಲೀಸ್ ಠಾಣೆಯ ಹಾಗೆ ಕಂಡಿತು. ಸ್ವಲ್ಪ ಓರೆ ಮಾಡಿದರು. ಯಾರೂ ಬರಲಿಲ್ಲ. ಖಾಲಿ ಕುರ್ಚಿಗೆ, "ಬಾ ಮಗು, ಕೂತ್ಕೋ. ಏನು ಭಯ ನಿಂಗೆ?" ಎಂದು ಅಭ್ಯಾಸ ಮಾಡಿದರು. ಕುರ್ಚಿಗೆ ಯಾವ ಭಯವೂ ಇದ್ದಂತಿರಲಿಲ್ಲ.

ವಿಜ್ಞಾನದ ಮಿಸ್ಸು ಇಣುಕಿದರು. "ಯಾರೂ ಬಂದಿಲ್ವಾ? ಉಸಿರು ನಿಧಾನಕ್ಕೆ ಎಳೆದು ಬಿಡೋಕೆ ಹೇಳಿ."

"ಯಾರಿಗೆ?"

"ಬಂದೋರಿಗೆ. ಬಂದ್ರೆ."

ಅವರ ಹಿಂದೆಯೇ ಗಣಿತದ ಮೇಷ್ಟ್ರು ಬಂದರು. ದಪ್ಪ ಕನ್ನಡಕ, ಅದರ ಕೆಳಗೆ ಬಾಗಿಲಿಗೆ ಅಡ್ಡ ಹಾಕಿದ ಅಗುಳಿಯಂಥ ಮೀಸೆ. "ಭಯ ಇರ್ಬೇಕು ರೀ! ಅದನ್ನೂ ತೆಗೆದುಬಿಟ್ರೆ ಇವರ ತಲೇಲಿ ಉಳಿಯೋದೇನು?" ಎಂದು ಗದರಿ ಹೋದರು.

ಕೊನೆಗೂ ಒಬ್ಬಳು ಬಂದಳು. ತರಗತಿಗೇ ಎತ್ತರದವಳಾದ್ದರಿಂದ ಎಲ್ಲರೂ ಅವಳನ್ನು ಉದ್ದಕ್ಕ ಅನ್ನುತ್ತಿದ್ದರು. ಕುರ್ಚಿಯ ತುದಿಯಲ್ಲಿ ಮುದುಡಿ ಕೂತಳು.

"ಸರ್, ಮನೇಲಿ ಎಲ್ಲಾ ಬರುತ್ತೆ. ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡ್ಲೇ ತಲೆ ಒರೆಸಿಟ್ಟ ಬೋರ್ಡ್ ಥರ ಆಗುತ್ತೆ. ಕೈಯೆಲ್ಲ ತಣ್ಣಗೆ. ಹೋದ ಸಲ ನನ್ನ ನಂಬರ್ ಮರೆತು ಪಕ್ಕದವಳ ನಂಬರ್ ಬರೆದುಬಿಟ್ಟೆ."

"ಆಮೇಲೆ?"

"ಅವಳು ಪಾಸಾದ್ಲು."

ನಗಬಾರದೆಂದು ಮೇಷ್ಟ್ರು ತುಟಿ ಕಚ್ಚಿಕೊಂಡರು. ಅವಳು ಮಾತ್ರ ನಗುತ್ತಿರಲಿಲ್ಲ. ಹೇಳಬೇಕೆಂದುಕೊಂಡಿದ್ದ ಮಾತೆಲ್ಲ ಅವರಿಗೆ ಮರೆತೇಹೋಯಿತು. ಗೊತ್ತಿದ್ದುದು ಒಂದೇ ಕೆಲಸ. ಹಾಳೆ, ಪೆನ್ಸಿಲ್ ಮುಂದಿಟ್ಟರು.

"ಆ ಭಯ ನೋಡೋಕೆ ಹೇಗಿರುತ್ತೆ? ಬರಿ."

"ನಂಗೆ ಚಿತ್ರ ಬರಲ್ಲ ಸರ್."

"ಭಯಕ್ಕೆ ಚೆಂದ ಬೇರೆ ಕೇಡು. ಸೊಟ್ಟಗೆ ಬರಿ, ಪರವಾಗಿಲ್ಲ."

ಅವಳು ಒಂದು ಸೊಟ್ಟ ಗುಂಡು ಬರೆದಳು. ಅದಕ್ಕೆ ಕನ್ನಡಕ ಬಂತು. ಕನ್ನಡಕದ ಕೆಳಗೆ ಮೀಸೆ ಬಂತು. ಬರೆದದ್ದನ್ನೇ ನೋಡುತ್ತ ಕೂತಳು. ಅಳುತ್ತಾಳೇನೋ ಎಂದು ಮೇಷ್ಟ್ರು ಕರವಸ್ತ್ರ ಹುಡುಕುವಷ್ಟರಲ್ಲಿ ಕಿಸಕ್ಕೆಂದಳು. "ಇಷ್ಟೇನಾ ಸರ್ ಇದು?"

ಮಧ್ಯಾಹ್ನದ ಹೊತ್ತಿಗೆ ರೂಮಿನ ಮುಂದೆ ಸಾಲು ಹತ್ತಿತು. ಒಬ್ಬನಿಗೆ ಪರೀಕ್ಷೆಯ ಬೆಳಿಗ್ಗೆ ವಾಂತಿ. ಇನ್ನೊಬ್ಬನ ಅಪ್ಪ ಅಂಕ ಕಡಿಮೆಯಾದರೆ ವಾರಗಟ್ಟಲೆ ಮಾತು ಬಿಡುತ್ತಾರೆ. ಮನೆ ತುಂಬ ಜನ ಇದ್ದೂ ಮಾತಿಗೆ ಗತಿಯಿಲ್ಲದಿರುವುದೆಂದರೇನು ಎಂದು ಯೋಚಿಸುತ್ತ ಮೇಷ್ಟ್ರು ಅವನ ಹೆಗಲ ಮೇಲೆ ಕೈಯಿಟ್ಟು ಕೂತರು. ಎಲ್ಲರೂ ಬರೆದರು, ಎಲ್ಲರೂ ನಕ್ಕರು. ಬರೆದದ್ದನ್ನೆಲ್ಲ ಮೇಷ್ಟ್ರು ಗೋಡೆಗೆ ಅಂಟಿಸಿದರು. ಮಾತಾಡಿ ಮಾತಾಡಿ ಮೇಷ್ಟ್ರ ಗಂಟಲು ಕಟ್ಟಿತು. ಆ ಒಡಕು ದನಿಯನ್ನು ಕೇಳಿಯೇ ಅವರಿಗೆ ಹಿಗ್ಗು. "ನಂಗೇನೂ ಭಯ ಇಲ್ಲ ಸರ್" ಎಂದು ಎದ್ದವನನ್ನೂ ಬಿಡಲಿಲ್ಲ. "ಇರುತ್ತೆ ಕಣೋ, ಸರಿಯಾಗಿ ಹುಡುಕು" ಎಂದು ಮತ್ತೆ ಕೂರಿಸಿದರು.

ಸುದ್ದಿ ಮುಟ್ಟಬೇಕಾದಲ್ಲಿಗೆ ಮುಟ್ಟಿತು. ಗಣಿತದ ಮೇಷ್ಟ್ರು ಒಳಗೆ ಬಂದು ಗೋಡೆ ನೋಡಿದರು. ಗೋಡೆ ತುಂಬ ಮೀಸೆ.

"ಏನ್ರೀ ಇದು?"

"ಭಯ."

"ಭಯಕ್ಕೆ ನನ್ನ ಕನ್ನಡಕ ಯಾಕ್ರೀ?"

"ಅದಕ್ಕೂ ಕಣ್ಣು ಮಂದ ಇರ್ಬೋದು..."

ಗಣಿತದ ಮೇಷ್ಟ್ರು ಕೂಗಾಡಿದರು. ಮುಖ್ಯೋಪಾಧ್ಯಾಯಿನಿ ಓಡಿ ಬಂದರು. ಗೋಡೆಯ ಈ ತುದಿಯಿಂದ ಆ ತುದಿಗೆ ನಡೆದರು. ಮತ್ತೆ ಆ ತುದಿಯಿಂದ ಈ ತುದಿಗೆ ಬಂದರು. ಅವರ ಮುಖ ಕೆಂಪಾಯಿತು.

"ಇಡೀ ಶಾಲೆಗೆ ಮುಖ್ಯಸ್ಥೆ ನಾನು. ಒಬ್ಬರೂ ನನ್ನ ಬರೆದಿಲ್ವಾ?"

ಡ್ರಾಯಿಂಗ್ ಮೇಷ್ಟ್ರು ತಲೆ ತಗ್ಗಿಸಿದರು. ಅವರೂ ಆ ಗೋಡೆಯಲ್ಲಿ ಯಾರಿಗೂ ಕಾಣದ ಹಾಗೆ ತಮ್ಮನ್ನು ಹುಡುಕಿಕೊಂಡಿದ್ದರು. ಎಲ್ಲೂ ಇರಲಿಲ್ಲ.

ಮುಖ್ಯೋಪಾಧ್ಯಾಯಿನಿ ಅಲ್ಲೇ ತೀರ್ಪು ಕೊಟ್ಟರು. "ಈ ಮುಖ ನಾಳೆ ಪರೀಕ್ಷೆಯ ಹಾಲಲ್ಲಿ ಕಂಡ್ರೆ ಮಕ್ಕಳ ಗತಿ ಏನು? ಗಣಿತದ ಮೇಷ್ಟ್ರೇ, ಇನ್ಮೇಲೆ ಈ ರೂಮಲ್ಲಿ ನೀವೇ ಕೂತ್ಕೊಳ್ಳಿ. ಈಗಿಂದಲೇ. ನಿಮ್ಮನ್ನ ಹತ್ತಿರದಿಂದ ನೋಡಿ ಅಭ್ಯಾಸ ಆಗ್ಲಿ. ಡ್ರಾಯಿಂಗ್ ಮೇಷ್ಟ್ರೇ, ಪರೀಕ್ಷೆ ಮುಗಿಯೋವರೆಗೆ ಹಾಲ್ ಡ್ಯೂಟಿ ನಿಮ್ಮದು."

"ಮೇಡಂ, ಮಕ್ಕಳು ಈಗಷ್ಟೇ ನನ್ನ ಹತ್ರ..."

"ಇವರು ಬಂದ್ರೆ ಒಂದು ಮಗುವೂ ಒಳಗೆ ಕಾಲಿಡಲ್ಲ ಅಂತ ತಾನೇ? ನೋಡೋಣ."

ಮೇಷ್ಟ್ರ ಯೋಚನೆಯೂ ಅದೇ ಆಗಿತ್ತು. ಯಾರೂ ಬರುವುದಿಲ್ಲ, ಆಗ ತನ್ನನ್ನೇ ವಾಪಸು ಕರೆಯುತ್ತಾರೆ. ಸ್ಟಾಫ್ ರೂಮಿನ ಫ್ಯಾನಿನ ಕೆಳಗೆ ಕಿವಿ ನಿಮಿರಿಸಿ ಕೂತರು. ಯಾರೂ ಕರೆಯಲಿಲ್ಲ. ಶಾಲೆ ಬಿಡಲು ಇನ್ನೊಂದು ಗಂಟೆ ಇರುವಾಗ, ಪೆನ್ಸಿಲ್ ತರುವ ನೆಪದಲ್ಲಿ ತಾವೇ ಹೊರಟರು.

ಸಾಲು ಮೈದಾನದವರೆಗೂ ಬೆಳೆದಿತ್ತು. ಒಳಗಿನಿಂದ ನಗುವಿನ ಅಲೆ. ಮಕ್ಕಳು ಪಟ್ಟು ಹಿಡಿದು ಗಣಿತದ ಮೇಷ್ಟ್ರ ಭಯವನ್ನೂ ಬರೆಸಿದ್ದರು. ಅವರು ಕೈವಾರ ಇಟ್ಟು ಅಚ್ಚುಕಟ್ಟಾದ ಒಂದು ವೃತ್ತ ಎಳೆದು, ಮೇಲೊಂದು ತುರುಬು ಕೂರಿಸಿದ್ದರು. ಸಾಕ್ಷಾತ್ ಮುಖ್ಯೋಪಾಧ್ಯಾಯಿನಿ.

ಡ್ರಾಯಿಂಗ್ ಮೇಷ್ಟ್ರು ಬಾಗಿಲಲ್ಲಿ ತಲೆ ತೂರಿಸಿದರು.

"ಸರ್, ನುಗ್ಬೇಡಿ, ಎಲ್ರೂ ಕಾಯ್ತಿದೀವಿ" ಎಂದಳು ಉದ್ದಕ್ಕ.

ಅವರು ಹೋಗಿ ಸಾಲಿನ ಕೊನೆಗೆ ನಿಂತರು. ಸಾಲು ಕರಗುತ್ತ ಬಂತು. ಇನ್ನೇನು ತಮ್ಮ ಸರದಿ ಎನ್ನುವಾಗ ಗಂಟೆ ಹೊಡೆಯಿತು. ಮಕ್ಕಳು ಹೋ ಎಂದು ಗೇಟಿನ ಕಡೆ ಓಡಿದರು. ಗಣಿತದ ಮೇಷ್ಟ್ರು ನಕ್ಕು ನಕ್ಕು ಒದ್ದೆಯಾದ ಕನ್ನಡಕ ಒರೆಸುತ್ತ ಹೊರಬಂದು ಬಾಗಿಲೆಳೆದರು.

"ಓ, ನೀವಾ! ನಾಳೆ ಬನ್ನಿ ಮೇಷ್ಟ್ರೇ, ಆರಾಮಾಗಿ ಮಾತಾಡೋಣ."

"ನಾಳೆ ನಂಗೆ ಹಾಲ್ ಡ್ಯೂಟಿ. ಅಲ್ಲಿ ತುಟಿ ಪಿಟಕ್ಕೆನ್ನೋ ಹಾಗಿಲ್ಲ."

"ಹೌದಲ್ವಾ!" ಗಣಿತದ ಮೇಷ್ಟ್ರು ಬೀಗ ಹಾಕಿ, ಎಳೆದು ನೋಡಿ, ಅವರ ಬೆನ್ನು ತಟ್ಟಿದರು. "ನಿಮಗೇನ್ರೀ ಕಷ್ಟ ಅದು? ನಿಮ್ಮಷ್ಟು ಸುಮ್ಮನಿರೋರು ಈ ಶಾಲೇಲಿ ಇನ್ಯಾರಿದ್ದಾರೆ!"